ಕಾಂಗ್ರೆಸ್ಸಿನಲ್ಲಿ ಓಟೇ ಇಲ್ಲ, ಬಿಜೆಪಿಯಲ್ಲಿ ಓಟು ಹಾಕಿಯೇ ಅಧ್ಯಕ್ಷರು: ನಿಜಾನಾ?

ಸತ್ಯಾಂಶ: ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಈ ಮಾತು ಎರಡೂ ಕಡೆ ತಪ್ಪು.

2022ರ ಅಕ್ಟೋಬರ್ 17ರಂದು ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಮತದಾನ ನಡೆಯಿತು. ನಮ್ಮ ಕಲಬುರಗಿಯ ಖರ್ಗೆಯವರಿಗೆ 7,897 ಓಟು, ಶಶಿ ತರೂರ್‌ಗೆ 1,072. ಪಾದಯಾತ್ರೆಯಲ್ಲಿದ್ದ ರಾಹುಲ್ ಗಾಂಧಿ ಬಳ್ಳಾರಿ ಪಕ್ಕದ ಸಂಗನಕಲ್ಲಿನ ಶಿಬಿರದಲ್ಲೇ ಓಟು ಹಾಕಿದರು. ಮೊದಲು ಬ್ಯಾಲೆಟ್‌ನಲ್ಲಿ ಬೇಕಾದವರ ಹೆಸರಿನ ಮುಂದೆ '1' ಎಂದು ಬರೆಯಿರಿ ಅಂತ ಪಕ್ಷದ ಚುನಾವಣೆ ನಡೆಸುವವರು ಅಂದಿದ್ದರು, ಪಟ್ಟಿಯಲ್ಲಿ ಖರ್ಗೆ ಹೆಸರೇ ಒಂದನೆಯದು, ಗೊಂದಲ ಆಗುತ್ತೆ ಎಂದು ತರೂರ್ ಕಡೆಯವರು ತಕರಾರು ತೆಗೆದ ಮೇಲೆ ಅದು ಟಿಕ್ ಗುರುತಾಯಿತು. ಹಾಗಂತ ಅಲ್ಲಿ ಎಲ್ಲ ಸರಿ ಅಂತಲ್ಲ: ಅದಕ್ಕೂ ಹಿಂದಿನ ಸ್ಪರ್ಧೆ ನಡೆದದ್ದು 2000ದಲ್ಲಿ! ನಡುವೆ ಸೋನಿಯಾ, ರಾಹುಲ್ ಇಬ್ಬರೇ.

ಬಿಜೆಪಿಯ ನಿಯಮದಲ್ಲೂ ಚುನಾವಣೆ ಇದೆ. ಆದರೆ 1980ರಿಂದ ಈವರೆಗೆ ರಾಷ್ಟ್ರೀಯ ಅಧ್ಯಕ್ಷರ ಆಯ್ಕೆ ಮತದಾನದವರೆಗೆ ಹೋದದ್ದೇ ಇಲ್ಲ. ಮೊದಲೇ ಒಳಗೆ ಮಾತುಕತೆ ಆಗಿರುತ್ತದೆ, ಆರೆಸ್ಸೆಸ್ ಅಭಿಪ್ರಾಯಕ್ಕೂ ತೂಕವಿರುತ್ತದೆ, ಕೊನೆಗೆ ಒಂದೇ ಹೆಸರು ಉಳಿಯುತ್ತದೆ. ಅಧ್ಯಕ್ಷಗಿರಿ ಮಾತ್ರ ಒಂದೇ ಮನೆಯಲ್ಲಿ ಉಳಿದಿಲ್ಲ, ಅದು ನಿಜ.

ಇನ್ನು, ಒಳಚುನಾವಣೆ ನಡೆಸದಿದ್ದರೆ ಚುನಾವಣಾ ಆಯೋಗ ಪಕ್ಷದ ನೋಂದಣಿಯನ್ನೇ ರದ್ದು ಮಾಡುತ್ತದೆ ಅನ್ನೋದೂ ಸುಮ್ನೆ ಮಾತು. ಆ ಅಧಿಕಾರ ಆಯೋಗಕ್ಕಿಲ್ಲ.