ಮನೆಯಲ್ಲೇ ಇರಿ, ಮಜಾ ಮಾಡಿ, ಸಹಕರಿಸಿ

ಶನಿವಾರದ ಪೇಪರಿನಲ್ಲಿ ಎರಡು ಸಂಗತಿ ಬಂದಿತ್ತು. ನೀವೂ ನೋಡಿರುತ್ತೀರಿ. ಒಂದು ಪುರವಣಿಯ ಮುಖಪುಟದಲ್ಲಿ, ದೊಡ್ಡ ಬಣ್ಣದ ಅಕ್ಷರದಲ್ಲಿ: ರಜೆಯ ವೀಕೆಂಡ್, ಬಿಸಿಲಿಗೆ ಹೊರಗೆ ಹೋಗಬೇಡಿ, ಮನೆಯಲ್ಲೇ ತಿನ್ನಿ, ಕುಡಿಯಿರಿ, ಟಿವಿ ನೋಡಿ, ರಿಲ್ಯಾಕ್ಸ್ ಆಗಿ. ಇನ್ನೊಂದು ಒಳಪುಟದ ಕೆಳಮೂಲೆಯಲ್ಲಿ, ನಿಧನ ವಾರ್ತೆಗಳ ಪಕ್ಕ, ಇರುವೆ ಸಾಲು ಹೋದ ಹಾಗೆ ಸಣ್ಣ ಅಕ್ಷರದಲ್ಲಿ: ಫೀಡರಿನ ನಿರ್ವಹಣಾ ಕಾಮಗಾರಿ ಇರುವುದರಿಂದ ಬೆಳಗ್ಗೆ 10ರಿಂದ ಸಂಜೆ 5ರ ವರೆಗೆ ವಿದ್ಯುತ್ ನಿಲುಗಡೆ, ಗ್ರಾಹಕರು ಸಹಕರಿಸಬೇಕು.

ಸಹಕರಿಸದೆ ಎಂತ ಮಾಡುವುದು ಮಾರಾಯ್ರೇ? ‘ಇಲ್ಲ, ಈ ಸಲ ನಾವು ಸಹಕರಿಸುವುದಿಲ್ಲ’ ಅಂತ ಫೋನ್ ಮಾಡಿದರೆ ಕರೆಂಟ್ ಬಿಡುತ್ತಾರಾ? ಮೊದಲಿಗೆ ಫೋನ್ ಎತ್ತಬೇಕಲ್ಲ! ಹಾಗೆ ನೋಡಿದರೆ ಮಂಗಳೂರಿನವರಷ್ಟು ಸಹಕರಿಸುವ ಜನ ಬೇರೆ ಎಲ್ಲೂ ಸಿಗಲಿಕ್ಕಿಲ್ಲ. ರಸ್ತೆ ಅಗೆದರೆ ಸಹಕರಿಸುತ್ತೇವೆ. ಅಗೆದದ್ದನ್ನು ಮುಚ್ಚಿದರೆ ಸಹಕರಿಸುತ್ತೇವೆ. ಮುಚ್ಚಿದ್ದನ್ನು ಪೈಪಿನವರು ಬಂದು ಪುನಃ ಅಗೆದರೂ ಸಹಕರಿಸುತ್ತೇವೆ. ಆಮೇಲೆ ಕೇಬಲಿನವರು ಬರುತ್ತಾರೆ, ಅವರಿಗೂ ನಮ್ಮ ಸಹಕಾರ ಉಂಟು.

ಈಗ ಪುರವಣಿಗೆ ಬರೋಣ. ತಂಪು ಪಾನೀಯಗಳ ಪಟ್ಟಿ ಕೊಟ್ಟಿದ್ದಾರೆ. ಮೊದಲನೆಯದು ಮೊಜಿಟೊ. ಪುದೀನ ಜಜ್ಜಬೇಕು, ಲಿಂಬೆ ಹಿಂಡಬೇಕು, ಫ್ರೀಜರಿನಿಂದ ಐಸ್ ತೆಗೆದು ಮಿಕ್ಸಿಗೆ ಹಾಕಿ ಪುಡಿ ಮಾಡಬೇಕು. ಎರಡನೆಯದು ಬ್ಲೂಬೆರಿ ಸ್ಮೂದಿ. ಬ್ಲೂಬೆರಿ ಸಿಗದಿದ್ದರೆ ಸ್ಟ್ರಾಬೆರಿ ಆದೀತಂತೆ. ದೊಡ್ಡ ಮನಸ್ಸು. ಹಿತ್ತಿಲಲ್ಲಿ ಪುನರ್ಪುಳಿ ಹಣ್ಣಾಗಿ ಉದುರಿ ನೆಲವೆಲ್ಲ ಕೆಂಪಾಗಿ ಬಿದ್ದಿದೆ, ಅದರ ಸುದ್ದಿ ಪಟ್ಟಿಯಲ್ಲಿಲ್ಲ. ಬೊಂಡದ ಎಳನೀರಿಲ್ಲ, ರಾಗಿ ನೀರಿಲ್ಲ, ಬಚ್ಚಂಗಾಯಿ ಅಂದರೆ ಕಲ್ಲಂಗಡಿಯೂ ಇಲ್ಲ. ಕರೆಂಟ್ ಬೇಡದ ಒಂದೇ ಒಂದು ವಸ್ತು ಅದರೊಳಗೆ ನುಸುಳದ ಹಾಗೆ ಯಾರೋ ಕೂತು ಜಾಗ್ರತೆ ಮಾಡಿದ ಹಾಗಿದೆ.

ಆದರೂ ಹತ್ತೂವರೆಗೆ ಒಂದು ಕೈ ನೋಡೋಣ ಅಂತ ಅಡುಗೆ ಕೋಣೆಗೆ ಹೋದೆ. ಮಿಕ್ಸಿ ಇಲ್ಲದಿದ್ದರೂ ಐಸನ್ನು ಬಟ್ಟೆಯಲ್ಲಿ ಕಟ್ಟಿ ಕುಟ್ಟಬಹುದಲ್ವಾ?

‘ಫ್ರಿಜ್ಜಿನ ಬಾಗಿಲು ಮುಟ್ಟಬೇಡಿ’ ಅಂದಳು ಹೆಂಡತಿ. ‘ಒಳಗೆ ಬಂಗುಡೆ ಉಂಟು.’

‘ಐಸ್ ಮಾತ್ರ ತೆಗೆಯುವುದು.’

‘ಆ ಐಸ್ ಬಂಗುಡೆಗೆ.’

ವಾದ ಮುಗಿಯಿತು. ಅವಳ ಲೆಕ್ಕ ಸರಿಯೇ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಮೀನಿನ ರೇಟು ಕೇಳುವುದೂ ಬೇಡ. ಹಾಗಾಗಿ ಮೇ ತಿಂಗಳಲ್ಲಿ ಒಳ್ಳೆಯ ಬಂಗುಡೆ ಕಂಡರೆ ನಾಲ್ಕು ಜಾಸ್ತಿಯೇ ಮನೆಗೆ ಬರುತ್ತದೆ. ಬಾಗಿಲು ಮುಚ್ಚಿಟ್ಟರೆ ಫ್ರಿಜ್ಜು ಸುಮಾರು 4 ಗಂಟೆ ತಂಪು ಹಿಡಿಯುತ್ತದಂತೆ. ನಿಲುಗಡೆ 7 ಗಂಟೆ. ಉಳಿದ ಮೂರು ಗಂಟೆ ಬಂಗುಡೆಯೂ ಸಹಕರಿಸಬೇಕು.

ಪುರವಣಿಯಲ್ಲಿ ವೈದ್ಯರ ಸಲಹೆಯೂ ಉಂಟು: ಮಧ್ಯಾಹ್ನ 12ರಿಂದ 3ರ ವರೆಗೆ ಹೊರಗೆ ಬರಬೇಡಿ, ಫ್ಯಾನಿನ ಕೆಳಗೆ ಕೂತುಕೊಳ್ಳಿ. ಫ್ಯಾನಿನ ಕೆಳಗೆ ಕೂತುಕೊಂಡೆವು. ಅದು ಮೇಲೆ ಸುಮ್ನೆ ಇತ್ತು, ನಾವು ಕೆಳಗೆ ಸುಮ್ನೆ ಇದ್ದೆವು. ಈ ಊರಿನ ಸೆಕೆ ಹೊರಗಿನವರಿಗೆ ಹೇಳಿದರೆ ಅರ್ಥ ಆಗುವುದಿಲ್ಲ. ಕಲಬುರಗಿಯ ಗೆಳೆಯ ಫೋನಿನಲ್ಲಿ ‘ನಿಮ್ಮಲ್ಲಿ ಬರೀ 35 ಡಿಗ್ರಿ ಏನ್ರೀ?’ ಅಂತ ನಗುತ್ತಾನೆ. ಹವಾಮಾನ ಇಲಾಖೆಯೂ ಅವನ ಕಡೆಯೇ. ಕರಾವಳಿಯಲ್ಲಿ ಬಿಸಿಗಾಳಿ ಅಂತ ಘೋಷಿಸಬೇಕಾದರೆ ಉಷ್ಣಾಂಶ 37 ಡಿಗ್ರಿ ಮುಟ್ಟಬೇಕು, ಅದೂ ಮಾಮೂಲಿಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಸ್ನಾನ ಮಾಡಿ ಟವೆಲಿನಲ್ಲಿ ಒರೆಸಿಕೊಳ್ಳುವಷ್ಟರಲ್ಲಿ ಪುನಃ ಬೆನ್ನು ಒದ್ದೆಯಾಗುತ್ತದಲ್ಲ, ಅದು ಆ ಲೆಕ್ಕಕ್ಕೆ ಬರುವುದಿಲ್ಲ. ನಾವು 36 ಡಿಗ್ರಿಯಲ್ಲಿ ಬೆಂದರೂ ಇಲಾಖೆಯ ಲೆಕ್ಕದಲ್ಲಿ ಅದು ಬರೀ ಬೇಸಿಗೆ.

ಸ್ನಾನ ಅಂದೆನಲ್ಲ, ಅದಕ್ಕೂ ಒಂದು ದಾರಿ ಉಂಟು. ತಾರಸಿಯ ಮೇಲಿನ ಟ್ಯಾಂಕಿ ಮಧ್ಯಾಹ್ನದ ಹೊತ್ತಿಗೆ ಕಾದು, ನಳ್ಳಿ ತಿರುಗಿಸಿದರೆ ಬಿಸಿನೀರೇ ಬರುತ್ತದೆ. ಸೋಲಾರ್ ಖರ್ಚು ಇಲ್ಲ. ಟ್ಯಾಂಕಿಯಲ್ಲಿ ನೀರಿದ್ದರೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆ ಇದು. ಮೇ ಬಂತೆಂದರೆ ಇಲ್ಲಿನವರು ಕ್ರಿಕೆಟ್ ಸ್ಕೋರಿಗಿಂತ ಮೊದಲು, ಊರಿಗೆ ಕುಡಿಯುವ ನೀರು ಕೊಡುವ ತುಂಬೆ ಡ್ಯಾಮಿನಲ್ಲಿ ಎಷ್ಟು ಮೀಟರ್ ನೀರುಂಟು ಅಂತ ನೋಡುತ್ತಾರೆ. 2019ರಲ್ಲಿ ನೀರಿಗೆ ರೇಷನಿಂಗ್. 2023ರಲ್ಲಿ ಪುನಃ ರೇಷನಿಂಗ್. ಉಡುಪಿಯವರು ನಗಬೇಡಿ, ನಿಮ್ಮ ಬಜೆ ಡ್ಯಾಮಿನ ಕಥೆ ನಮಗೂ ಗೊತ್ತು. ನಾಲ್ಕು ತಿಂಗಳು ನೀರು ಮನೆಯೊಳಗೆ ನುಗ್ಗುತ್ತದೆ, ಎರಡು ತಿಂಗಳು ಟ್ಯಾಂಕರಿಗೆ ಕಾಯುತ್ತೇವೆ. ಪ್ರತಿ ವರ್ಷ ಸಭೆ ಆಗುತ್ತದೆ. ಸಭೆಯಲ್ಲಿ ಎಲ್ಲರ ಮುಂದೆಯೂ ಒಂದೊಂದು ಬಾಟ್ಲಿ ನೀರು ಇಟ್ಟಿರುತ್ತಾರೆ.

ಒಂದು ಗಂಟೆಗೆ ಬಾಲ್ಕನಿಗೆ ಬಂದೆ. ಎದುರಿನ ಕಂಬದಲ್ಲಿ ಲೈನ್‌ಮ್ಯಾನ್ ಕತ್ತಿ ಹಿಡಿದು ಹಲಸಿನ ಗೆಲ್ಲು ಕಡಿಯುತ್ತಿದ್ದ. ತಲೆಗೊಂದು ಹಳದಿ ಹೆಲ್ಮೆಟ್ಟು, ಕೆಳಗೆ ಹಗ್ಗ ಹಿಡಿದುಕೊಂಡ ಇನ್ನೊಬ್ಬ. ಮಳೆಗಾಲಕ್ಕೆ ಮೊದಲು ಗೆಲ್ಲು ಕಡಿಯದಿದ್ದರೆ ಜೂನಿನ ಮೊದಲ ಗಾಳಿಗೇ ತಂತಿ ರಸ್ತೆಗೆ ಬೀಳುತ್ತದೆ. ಕೆಲಸ ಬೇಕಾದದ್ದೇ. ಆದರೆ ಅದನ್ನು ಫೆಬ್ರವರಿಯಲ್ಲಿ ಯಾಕೆ ಮಾಡಬಾರದು? ಬೆಳಗ್ಗೆ ಆರಕ್ಕೆ ಯಾಕೆ ಶುರು ಮಾಡಬಾರದು? ಹೊರಗೆ ಬರಲೇಬೇಡಿ ಅಂತ ಇಡೀ ಊರಿಗೆ ಸಾರಿದ ಹೊತ್ತಿಗೆ ಸರಿಯಾಗಿ ಆ ಮನುಷ್ಯನನ್ನು ಕಂಬ ಹತ್ತಿಸುವುದು ಯಾವ ಯೋಜನೆ? ಅವರಿಬ್ಬರನ್ನು ದಾಟಿಕೊಂಡು ಒಬ್ಬ ಹುಡುಗ ಬೆನ್ನಿಗೆ ಬಿರಿಯಾನಿಯ ದೊಡ್ಡ ಚೀಲ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋದ. ಮನೆಯಲ್ಲೇ ಇರಿ ಅಂತ ಹೇಳಿದ್ದು ಅವನಿಗಲ್ಲ. ಬುಟ್ಟಿ ಹೊತ್ತು ಗೇಟಿನ ಹತ್ತಿರ ‘ಮೀನು ಬೇಕಾ ಅಕ್ಕಾ’ ಅಂತ ಕೂಗುವವಳಿಗೂ ಅಲ್ಲ. ನಾವು ಮನೆಯೊಳಗೆ ಆರಾಮ ಇರಲಿ ಅಂತ ಇಷ್ಟು ಜನ ಬಿಸಿಲಲ್ಲಿ ಬೇಯಬೇಕು, ಅವರ ನೆತ್ತಿಗೊಂದು ನೆರಳು ಮಾಡಿಕೊಡಲು ಯಾರಿಗೂ ಪುರುಸೊತ್ತಿಲ್ಲ. ಇದಕ್ಕೆ ತಮಾಷೆ ಬರುವುದಿಲ್ಲ ನನಗೆ. ಕೆಳಗೆ ಹೋಗಿ ಇಬ್ಬರಿಗೂ ಮಜ್ಜಿಗೆ ನೀರು ಕೊಟ್ಟೆ. ‘ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆ?’ ಅಂತ ಕೇಳಲು ನಾಚಿಕೆಯಾಯಿತು. ಆದರೂ ಕೇಳಿದೆ.

ಬಂದದ್ದು ಆರೂವರೆಗೆ. ಐದು ಅಂದರೆ ಆರೂವರೆ, ಅದು ನಿಮಗೂ ಗೊತ್ತಿರುವ ಲೆಕ್ಕ. ಬಂಗುಡೆ ಬದುಕಿತು, ಅಂದರೆ ಸತ್ತದ್ದು ಕೆಡಲಿಲ್ಲ. ಇನ್ನು ಟಿವಿ. ನಮ್ಮದು ಸ್ಮಾರ್ಟ್ ಟಿವಿ. ಹಾಗಾಗಿ ಹಾಕಿದ ಕೂಡಲೇ ಅಪ್‌ಡೇಟ್ ಆಗಬೇಕು ಅಂತ ಹಟ ಹಿಡಿಯಿತು. ಅಪ್‌ಡೇಟ್ ಮುಗಿದ ಮೇಲೆ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಇರುವುದು ಬೆಂಗಳೂರಿನಲ್ಲಿರುವ ಮಗನ ಹತ್ತಿರ, ಅವನು ಇರುವುದು ಮೀಟಿಂಗಿನಲ್ಲಿ. ಶನಿವಾರ ಸಂಜೆ ಎಂತ ಮೀಟಿಂಗೋ!

ಅಂತೂ ಐಪಿಎಲ್ ಬಂತು. ಇದನ್ನು ಕ್ರಿಕೆಟ್ ಅಂತ ಕರೆಯುವುದು ಹಳೆಯ ಅಭ್ಯಾಸದಿಂದ. ನಿಜಕ್ಕೂ ಇದು ಏಲಕ್ಕಿ ಪ್ರಚಾರದ ಕಾರ್ಯಕ್ರಮ, ನಡುನಡುವೆ ಬ್ಯಾಟು ಬಾಲು ಕಾಣಿಸುತ್ತದೆ. ಪಾನ್ ಮಸಾಲೆ ಮಾರುವವರಿಗೆ ದಿಢೀರನೆ ಏಲಕ್ಕಿಯ ಮೇಲೆ ಎಷ್ಟು ಪ್ರೀತಿ! ಕೋಟಿ ಕೋಟಿ ಸಂಭಾವನೆಯ ನಟರು ಒಂದು ಕಾಳು ಏಲಕ್ಕಿ ಬಾಯಿಗೆ ಹಾಕಿಕೊಂಡು ಹೆಲಿಕಾಪ್ಟರಿನಿಂದ ಇಳಿಯುತ್ತಾರೆ. ಸಕಲೇಶಪುರದ ಏಲಕ್ಕಿ ಬೆಳೆಗಾರ ಜನ್ಮದಲ್ಲಿ ಹೆಲಿಕಾಪ್ಟರ್ ಹತ್ತಿರಲಿಕ್ಕಿಲ್ಲ. ಆಟಕ್ಕೆ ಒಂದು ಇನ್ನಿಂಗ್ಸಿನಲ್ಲಿ ಎರಡು ಸಲ ಎರಡೂವರೆ ನಿಮಿಷದ ‘ಸ್ಟ್ರಾಟೆಜಿಕ್ ಟೈಮ್‌ಔಟ್’ ಇಟ್ಟಿದ್ದಾರೆ. ತಂಡಗಳ ಸ್ಟ್ರಾಟೆಜಿ ಏನೋ ಗೊತ್ತಿಲ್ಲ, ಏಲಕ್ಕಿಯವರದ್ದು ಪಕ್ಕಾ.

ಟಿವಿ ಮುಂದೆ ಕೂತವರು ಏನಾದರೂ ತಿನ್ನಬೇಕಲ್ಲ. ಪುರವಣಿಯವರು ಕ್ಯಾರಮೆಲ್ ಪಾಪ್‌ಕಾರ್ನ್ ಹೇಳಿದ್ದರು. ಇಲ್ಲಿ ಸರಕಾರದ ದೂರದೃಷ್ಟಿಯನ್ನು ಹೊಗಳಲೇಬೇಕು. 2024ರ ಡಿಸೆಂಬರಿನಲ್ಲಿ ದೇಶದ ಹಣಕಾಸು ಮಂತ್ರಿಗಳೆಲ್ಲ ಜೈಸಲ್ಮೇರಿಗೆ ಹೋಗಿ, ಜಿಎಸ್‌ಟಿ ಮಂಡಳಿಯ ಸಭೆ ಕೂತು ಪಾಪ್‌ಕಾರ್ನಿನ ಚರ್ಚೆ ಮಾಡಿದರು. ಉಪ್ಪು ಖಾರ ಹಾಕಿ ಬಿಡಿಯಾಗಿ ಕೊಟ್ಟರೆ ಶೇ. 5, ಅದನ್ನೇ ಪ್ಯಾಕೆಟ್ ಮಾಡಿ ಲೇಬಲ್ ಅಂಟಿಸಿದರೆ ಶೇ. 12, ಕ್ಯಾರಮೆಲ್ ಹಚ್ಚಿದರೆ ಅದು ಮಿಠಾಯಿ, ಶೇ. 18. ಕಳೆದ ವರ್ಷ, 2025ರ ಸೆಪ್ಟೆಂಬರ್ 22ರಿಂದ ಸುಧಾರಣೆ ಆಯಿತು: ಉಪ್ಪಿನದಕ್ಕೆ ಪ್ಯಾಕೆಟ್ ಇದ್ದರೂ ಇಲ್ಲದಿದ್ದರೂ 5. ಸಿಹಿಯದ್ದು ಇನ್ನೂ 18ರಲ್ಲೇ ಕೂತಿದೆ. ಜೋಳದ ಕಾಳು ಅದೇ, ಒಡೆದದ್ದೂ ಹಾಗೆಯೇ. ಐಸ್‌ಕ್ರೀಮಿಗೆ 18 ಇದ್ದದ್ದು 5 ಆಯಿತು, ಅದಕ್ಕೆ ಮಾತ್ರ ನಮ್ಮ ಊರಿನವರು ಕೈಮುಗಿಯಬೇಕು. ಸಕ್ಕರೆ ಹಾಕಿದ ಸೋಡಾ ಪಾನೀಯಕ್ಕೆ 40. ಸ್ಟೇಡಿಯಮ್ಮಿಗೆ ಹೋಗಿ ಐಪಿಎಲ್ ನೋಡಿದರೆ ಟಿಕೆಟಿಗೂ 40, ಕ್ಯಾಸಿನೊದವರ ಸಾಲಿನಲ್ಲೇ. ಅಂದರೆ ನೀವು ಜೂಜಾಡಿದರೂ ಕೋಲಾ ಕುಡಿದರೂ ಸರಕಾರದ ಕಣ್ಣಿಗೆ ಒಂದೇ ಮಟ್ಟದ ಪೋಕರಿ.

ನಾವು ಹಲಸಿನ ಹಪ್ಪಳ ಕಾಯಿಸಿದೆವು. ಹಪ್ಪಳಕ್ಕೆ ತೆರಿಗೆ ಇಲ್ಲ. ದುಂಡಗಿದ್ದರೆ ಮಾತ್ರ ಇಲ್ಲ, ಚೌಕ ಆದರೆ ಉಂಟು ಅಂತ 2021ರಲ್ಲಿ ಒಂದು ಗುಲ್ಲೆದ್ದು, ಯಾವ ಆಕಾರ ಆದರೂ ಇಲ್ಲ ಅಂತ ತೆರಿಗೆ ಮಂಡಳಿಯೇ ಸ್ಪಷ್ಟನೆ ಕೊಡಬೇಕಾಯಿತು. ಕಾನೂನಿನಲ್ಲೂ ‘ಯಾವ ಹೆಸರಿನಿಂದ ಕರೆದರೂ’ ಅಂತ ಬರೆದಿದ್ದಾರೆ. ಆದರೆ ಅದೇ ಸಾಲಿನ ಬಾಲದಲ್ಲಿ ಒಂದು ಕೊಕ್ಕೆ: ತಿನ್ನಲು ಬಡಿಸಿದ್ದಾದರೆ ಈ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ಹೆಂಡತಿ ತಟ್ಟೆ ತರುವಷ್ಟರಲ್ಲಿ ನಾನೇ ಎದ್ದು ಹೋಗಿ ಡಬ್ಬಿಗೆ ಕೈ ಹಾಕಿದೆ.