ಆರು ಕುರ್ಚಿ

ಹೋದ ತಿಂಗಳು ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋಗಿದ್ದೆ. ಮಧ್ಯೆ ಬಿಡುವಿನಲ್ಲಿ ದೂರದ ಸಂಬಂಧದ ಚಿಕ್ಕಮ್ಮ ಒಬ್ಬರು ಸಿಕ್ಕಿದರು. ಚಹಾದ ಲೋಟ ಹಿಡಿದುಕೊಂಡೇ ಕೇಳಿದರು, "ನೀನು ಇನ್ನೂ ಆ ಬ್ಯಾಗಿನ ಅಂಗಡಿಯಲ್ಲೇ ಇದ್ದೀಯಾ ಮಾರಾಯ್ತಿ?"

"ಹೌದು ಚಿಕ್ಕಮ್ಮ, ಅಂಗಡಿಯಲ್ಲೇ" ಎಂದೆ. ಇಷ್ಟೆಲ್ಲ ಓದಿಯೂ ಇವಳ ಗತಿ ಇದೇ ಆಯ್ತಲ್ಲ ಅಂತ ಅವರಿಗೆ ಪಾಪ ಅನಿಸಿತು. ಮುಖದಲ್ಲೇ ಗೊತ್ತಾಯಿತು.

ನನಗೇನೂ ಬೇಜಾರಾಗಲಿಲ್ಲ. ಅಂಗಡಿ ಅನ್ನೋ ಮಾತು ನನಗೆ ಇಷ್ಟ. ನಮ್ಮಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬುಟೀಕ್ ಅನ್ನಬೇಕು. ಗಿರಾಕಿ ಅನ್ನಬಾರದು, ಕ್ಲೈಂಟ್. ಮುಂಬಯಿಯ ಲಕ್ಷುರಿ ಅಂಗಡಿಗಳಲ್ಲಿ ನನಗೆ ಹತ್ತೊಂಬತ್ತು ವರ್ಷ ಆಯಿತು. ಅದರಲ್ಲಿ ಹದಿನಾರು ವರ್ಷ ನನ್ನನ್ನು ಎಲ್ಲರೂ ಕರೆದದ್ದು 'ಕ್ರಿಯೇಟಿವ್' ಅಂತ. ಆ ಪದದ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ಕೆಲಸದ ಹೆಸರು ವಿಎಂ, ಅಂದರೆ ವಿಷುಯಲ್ ಮರ್ಚಂಡೈಸಿಂಗ್. ವಿಂಡೋ, ಅಂದರೆ ಅಂಗಡಿ ಮುಂದಿನ ಗಾಜಿನೊಳಗಿನ ಅಲಂಕಾರ, ಮಾಡುವುದು, ಮ್ಯಾನಿಕ್ವಿನ್ ಅನ್ನೋ ಗೊಂಬೆಗೆ ಬಟ್ಟೆ ತೊಡಿಸುವುದು, ಯಾವ ಬ್ಯಾಗು ಯಾವ ಎತ್ತರದಲ್ಲಿ, ಯಾವ ದೀಪದ ಕೆಳಗೆ ಅಂತ ನೋಡುವುದು. ಮಾಲ್ ಮುಚ್ಚಿದ ಮೇಲೆ ಕೆಲಸ ಶುರು. ಬಡಗಿ, ಪೇಂಟರ್, ಎಲೆಕ್ಟ್ರಿಷಿಯನ್, ಜೊತೆಗೆ ನಾನು. ಮ್ಯಾನಿಕ್ವಿನ್‌ನ ಕೈ ಬಿಚ್ಚದೆ ತೋಳಿಗೆ ಬಟ್ಟೆ ಏರುವುದಿಲ್ಲ. ಎಷ್ಟೋ ರಾತ್ರಿ ಕಂಕುಳಲ್ಲಿ ಎರಡು ಫೈಬರ್ ಕೈ ಸಿಕ್ಕಿಸಿಕೊಂಡು ಏಣಿ ಹತ್ತಿದ್ದೇನೆ. ಬೆಳಗಿನ ಲೋಕಲ್ ಹಿಡಿದು ಡೊಂಬಿವಲಿಗೆ ಬಂದು ಬಿದ್ದರೆ ಮಧ್ಯಾಹ್ನದವರೆಗೆ ಎಚ್ಚರ ಇಲ್ಲ.

ಈಗ ಕುರ್ಚಿಯ ಕತೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಅಂಗಡಿಗೆ ಯುರೋಪಿನಿಂದ ಪ್ಲಾನ್ ಬಂತು. ಇಡೀ ಅಂಗಡಿಗೆ ಇಬ್ಬರು ಕೂರುವ ಒಂದೇ ಸೋಫಾ. ಬೂದು ಬಣ್ಣದ ವೆಲ್ವೆಟ್, ನೋಡಲು ಚೆನ್ನಾಗಿತ್ತು. ಅಲ್ಲಿ ಜನ ಒಬ್ಬರೋ ಇಬ್ಬರೋ ಬರುತ್ತಾರೇನೋ. ನಮ್ಮಲ್ಲಿ ಮದುವೆ ಸೀಸನ್‌ನಲ್ಲಿ ಬರುವುದು ಮದುಮಗಳು, ಅವಳ ಅಮ್ಮ, ಆಗಲಿರುವ ಅತ್ತೆ, ಸೂರತ್‌ನ ಚಿಕ್ಕಮ್ಮ, ಫೋನ್ ನೋಡುತ್ತಾ ನಿಂತ ಒಬ್ಬ ಹುಡುಗ. ಸೋಫಾದಲ್ಲಿ ಮದುಮಗಳು ಮತ್ತು ಅವಳಮ್ಮ ಕೂತರೆ ಅತ್ತೆಗೆ, ಅಂದರೆ ದುಡ್ಡು ಕೊಡುವವರಿಗೆ, ಜಾಗವೇ ಇಲ್ಲ. ಅವರಿಗೆ ಮಂಡಿನೋವು. ಹತ್ತು ನಿಮಿಷಕ್ಕೆ "ಚಲೋ, ಬಾದ್ ಮೇಂ ದೇಖೇಂಗೇ" ಅಂತ ಹೊರಟೇಬಿಡುತ್ತಿದ್ದರು.

ನಾನು ಒಂದು ಡಿಸ್‌ಪ್ಲೇ ಟೇಬಲ್ ತೆಗೆಸಿದೆ. ಆರು ಕುರ್ಚಿ ತರಿಸಿ ಅರ್ಧ ಸುತ್ತಿನಲ್ಲಿ ಇಡಿಸಿದೆ, ಎಲ್ಲರಿಗೂ ಒಂದೇ ಕನ್ನಡಿ ಕಾಣುವ ಹಾಗೆ. ದೊಡ್ಡ ಬುದ್ಧಿವಂತಿಕೆ ಏನಲ್ಲ. ದಾದರಿನ ಹಳೇ ಸೀರೆ ಅಂಗಡಿಯಲ್ಲಿ ಬಿಳಿ ಗಾದಿ ಮೇಲೆ ಮನೆಮಂದಿಯೆಲ್ಲ ಕೂತು ಸೀರೆ ಬಿಡಿಸಿ ನೋಡುತ್ತಾರಲ್ಲ, ಅದೇ ಲೆಕ್ಕ. ಜನ ಕೂತರು. ಕೂತವರು ಕಾಫಿ ಕುಡಿದರು, ಜಗಳ ಆಡಿದರು, ಒಂದು ನೋಡಲು ಬಂದವರು ಎರಡು ಕೊಂಡರು. ಆ ಸೀಸನ್‌ನಲ್ಲಿ ನಮ್ಮ ಅಂಗಡಿಯ ಸೇಲ್ಸ್ ಎಲ್ಲರಿಗಿಂತ ಮುಂದೆ.

ಅಪ್ರೈಸಲ್‌ನಲ್ಲಿ ನನಗೆ ಬಂದ ಸಾಲು: ಒಳ್ಳೆಯ ಸೌಂದರ್ಯಪ್ರಜ್ಞೆ ಇದೆ. ಮ್ಯಾನೇಜರ್‌ಗೆ ಪ್ರಮೋಷನ್. ನಾನು ಅಂದವಾಗಿ ಇಟ್ಟೆನಂತೆ, ಮಾರಿದ್ದು ಅವರಂತೆ.

ಮುಂದಿನ ವರ್ಷ ಮ್ಯಾನೇಜರ್ ಹುದ್ದೆ ಖಾಲಿಯಾದಾಗ ನಾನೇ ಹೋಗಿ ಕೇಳಿದೆ. ಮೇಲಿನವರು ನಕ್ಕರು. "ನೀವು ಕ್ರಿಯೇಟಿವ್ ಮನುಷ್ಯರು. ನಂಬರಿನ ತಲೆನೋವು ನಿಮಗ್ಯಾಕೆ?" ಪ್ರೀತಿಯಿಂದಲೇ ಹೇಳಿದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪ್ರೀತಿಗೆ ಏನು ಹೇಳೋದು? ಅದೇ ನಂಬರಿನ ತಲೆನೋವಿಗೆ ವಿಂಡೋ ಅಂದರೇನು ಅಂತ ಗೊತ್ತಿಲ್ಲದ ಹುಡುಗನೊಬ್ಬ ಬಂದ. ಒಳ್ಳೆಯ ಹುಡುಗ. ಎಕ್ಸೆಲ್ ಶೀಟ್ ಚೆನ್ನಾಗಿ ಮಾಡುತ್ತಿದ್ದ.

ಕೊಲ್ಹಾಪುರದಲ್ಲಿ ಹುಟ್ಟಿದ ಲೀನಾ ನಾಯರ್ 2022ರ ಜನವರಿಯಲ್ಲಿ ಲಕ್ಷುರಿ ಕಂಪನಿ ಶನೆಲ್‌ನ ಗ್ಲೋಬಲ್ ಸಿಇಒ ಆದರು. ಆ ಸುದ್ದಿ ಕೇಳಿ ಹೆಮ್ಮೆಯ ಜೊತೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಅವರು 1992ರಲ್ಲಿ ಹಿಂದೂಸ್ತಾನ್ ಲಿವರ್‌ಗೆ ಟ್ರೈನೀ ಆಗಿ ಸೇರಿದವರು. ಸೋಪು, ಶಾಂಪೂ ಮಾರುವ ಕಂಪನಿ. ಅದರಲ್ಲೂ ಎಚ್‌ಆರ್. ಬ್ಯಾಗು, ಸೆಂಟು ಮಾರಿದವರಲ್ಲ. ಎಚ್‌ಆರ್‌ನಿಂದ ಬಂದವರ ಕೈಗೆ ಇಡೀ ಕಂಪನಿ ಕೊಡಬಹುದಾದರೆ, ವಿಂಡೋ ಮಾಡಿದವಳ ಕೈಗೆ ಒಂದು ಅಂಗಡಿ ಕೊಡಲು ಅಷ್ಟೊಂದು ಯೋಚನೆ ಯಾಕೆ?

ಇನ್ನೊಂದು ವಿಷಯ. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಇಟಲಿಯ ಲಕ್ಷುರಿ ಕಂಪನಿ ಪ್ರಾಡಾದ ಫ್ಯಾಷನ್ ಶೋದಲ್ಲಿ ಮಾಡೆಲ್‌ಗಳ ಕಾಲಲ್ಲಿ ಕೊಲ್ಹಾಪುರಿ ಚಪ್ಪಲಿ. ಅವರು ಕರೆದದ್ದು ಲೆದರ್ ಸ್ಯಾಂಡಲ್ ಅಂತ. ಈ ಚಪ್ಪಲಿಗೆ 2019ರಲ್ಲೇ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ, ಎಂಟು ಜಿಲ್ಲೆಗಳಿಗೆ. ಅದರಲ್ಲಿ ನಾಲ್ಕು ನಮ್ಮವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಗಲಾಟೆ ಆದ ಮೇಲೆ ಪ್ರೇರಣೆ ಎಲ್ಲಿಂದ ಬಂತು ಅಂತ ಕಂಪನಿ ಒಪ್ಪಿಕೊಂಡಿತು. ನನಗೆ ಕಾಡಿದ್ದು ಬೇರೆ. ಒಂದು ಚಪ್ಪಲಿ ಸ್ಕೆಚ್‌ನಿಂದ ರ‍್ಯಾಂಪ್‌ವರೆಗೆ ಬರಲು ಎಷ್ಟು ಜನರ ಕಣ್ಣಿನ ಮುಂದೆ ಹಾದುಹೋಗುತ್ತದೆ! ಅಥಣಿಯನ್ನೋ ನಿಪ್ಪಾಣಿಯನ್ನೋ ಕಂಡವಳು ಅಲ್ಲಿ ಒಬ್ಬಳಿದ್ದಿದ್ದರೆ "ಇದು ನಮ್ಮಜ್ಜನ ಕಾಲಲ್ಲಿತ್ತು, ಊರಿನ ಹೆಸರು ಹಾಕಿ" ಅನ್ನುತ್ತಿದ್ದಳು. ಆದರೆ ನಮ್ಮ ಮೀಟಿಂಗುಗಳನ್ನು ನೋಡಿದರೆ ಅಂಥವಳು ಇದ್ದರೂ ಗೋಡೆಗೆ ಒರಗಿ ನಿಂತಿರುತ್ತಾಳೆ. ಮೇಜಿನ ಸುತ್ತ ಕೂತವರು ಬೇರೆ.

ಕೊನೆಗೆ ಕಂಪನಿ ಬದಲಾಯಿಸಿದೆ. ಈಗ ಮೂರು ವರ್ಷದಿಂದ ಒಂದು ಅಂಗಡಿ ಪೂರ್ತಿ ನನ್ನ ಜವಾಬ್ದಾರಿ. ನಂಬರ್ ಸಮೇತ. ತಲೆನೋವೇ, ಇಲ್ಲ ಅನ್ನಲ್ಲ. ಎರಡು ಲಕ್ಷ ದಾಟಿದರೆ ಪ್ಯಾನ್ ಕಾರ್ಡ್ ಕೇಳಬೇಕು. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷಕ್ಕಿಂತ ಜಾಸ್ತಿ ಬೆಲೆಯ ಬ್ಯಾಗು, ವಾಚಿಗೆ 1% ಟಿಸಿಎಸ್ ಬೇರೆ, ಅಂದರೆ ಮಾರುವಾಗಲೇ ಗಿರಾಕಿಯಿಂದ ನಾವು ವಸೂಲಿ ಮಾಡುವ ಆದಾಯ ತೆರಿಗೆ. ಬಜೆಟ್ ಮಂಡಿಸಿದ್ದು ನಾನೇ ಅನ್ನೋ ಹಾಗೆ ಬೈಸಿಕೊಳ್ಳುತ್ತೇನೆ. ಈ ಮಾತನ್ನು ಬಿಲ್ಲಿನ ಮುಂದೆ ನಿಂತಾಗ ತೆಗೆದರೆ ಗಿರಾಕಿ ಕೈತಪ್ಪಿದರು ಅಂತಲೇ ಲೆಕ್ಕ. ಕೂತು ಕಾಫಿ ಅರ್ಧ ಆದಾಗ ತೆಗೆದರೆ ಗೊಣಗಿ ಸುಮ್ಮನಾಗುತ್ತಾರೆ. ಇದು ಕ್ರಿಯೇಟಿವ್ ಕೆಲಸವೋ ಮ್ಯಾನೇಜ್‌ಮೆಂಟೋ, ನೀವೇ ಹೇಳಿ.

ನನ್ನ ಅಪ್ಪ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅವರಿಗೆ ಗಲ್ಲಾದ ಕುರ್ಚಿ ಸಿಕ್ಕಿತು. ಅಲ್ಲಿಯವರೆಗೆ ದಿನಾ ರಾತ್ರಿ ಬಂದವರೇ ಉಪ್ಪು ಹಾಕಿದ ಬಿಸಿನೀರಿನ ಬಾಲ್ದಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ನೀರು ಕಾಯಿಸುವುದು ಅಮ್ಮ, ಹೊತ್ತು ತರುವುದು ನಾನು.

ನಮ್ಮ ಫ್ಲೋರ್‌ನ ಹುಡುಗಿಯರು ಹೀಲ್ಸ್ ಹಾಕಿಕೊಂಡು ಒಂಬತ್ತು ಗಂಟೆ ನಿಲ್ಲುತ್ತಾರೆ. ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿಲ್ಲ. ಕೇರಳದಲ್ಲಿ ಕೋಳಿಕ್ಕೋಡಿನ ಟೈಲರ್ ಪಿ. ವಿಜಿ ಮತ್ತು ಅವರ ಜೊತೆಯ ಹೆಂಗಸರು ವರ್ಷಗಟ್ಟಲೆ ಹೋರಾಡಿ, 2018ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕಿನ ಕಾನೂನು ಬರುವಂತೆ ಮಾಡಿದರು. 2021ರಲ್ಲಿ ತಮಿಳುನಾಡೂ ಅಂಥದೇ ಕಾನೂನು ಮಾಡಿತು. ನಾನು ಕಾನೂನು ಗೀನೂನು ಅನ್ನದೆ ಕೌಂಟರಿನ ಹಿಂದೆ ನಾಲ್ಕು ಸ್ಟೂಲ್ ತರಿಸಿ ಇಟ್ಟೆ.

ಮೂರನೇ ದಿನ ಹೆಡ್ ಆಫೀಸಿನಿಂದ ಮೇಲ್ ಬಂತು. ಕೂರಬಾರದು ಅಂತ ಬರೆದಿರಲಿಲ್ಲ. ಸ್ಟೂಲಿನ ಬಣ್ಣ ನಮ್ಮ ಪ್ಯಾಲೆಟ್‌ನಲ್ಲಿ ಇಲ್ಲವಂತೆ. ಡೊಂಬಿವಲಿಯ ನಮ್ಮ ಟೈಲರ್ ಹತ್ತಿರ ಬೂದು ಬಣ್ಣದ ಕವರ್ ಹೊಲಿಯಲು ಕೊಟ್ಟಿದ್ದೇನೆ. ಶುಕ್ರವಾರ ಕೊಡ್ತೀನಿ ಅಂದಿದ್ದಾರೆ.