ಅದು ಮಿಸ್‌ಫೈರ್ ಅಲ್ಲ

ಯಾರ ಮನೇಲಾದ್ರೂ ಪಿಸ್ತೂಲಿಂದ ಗುಂಡು ಹಾರಿ ಅನಾಹುತ ಆದ್ರೆ ಸಾಕು, ಟಿವಿ ಕೆಳಗಡೆ ಒಂದೇ ಪದ ಓಡ್ತಿರುತ್ತೆ, ಮಿಸ್‌ಫೈರ್. 2024ರ ಅಕ್ಟೋಬರ್ 1ರ ಬೆಳಗ್ಗೆ ನಟ ಗೋವಿಂದ ಅವರ ಕಾಲಿಗೆ ಅವರದ್ದೇ ರಿವಾಲ್ವರ್ ಗುಂಡು ಹೊಕ್ಕಾಗಲೂ ಅದೇ ಪದ. 22 ವರ್ಷ ಫೌಜಲ್ಲಿದ್ದು ಬಂದೋನು ನಾನು, ಈ ಪದ ಕೇಳಿದಾಗೆಲ್ಲ ಮೈ ಉರಿಯುತ್ತೆ. ಮಿಸ್‌ಫೈರ್ ಅಂದ್ರೆ ಟ್ರಿಗರ್ ಒತ್ತಿದ್ರೂ ಗುಂಡು ಹಾರದೇ ಇರೋದು ಕಣ್ರೀ! ರೇಂಜಲ್ಲಿ ಹಂಗೆ ಆದ್ರೆ ನಳಿಗೆನ ಟಾರ್ಗೆಟ್ ಕಡೆನೇ ಹಿಡ್ಕೊಂಡು ಅರ್ಧ ನಿಮಿಷ ಕಾಯಬೇಕು, ಯಾಕಂದ್ರೆ ಒಳಗಿನ ಮದ್ದು ತಡವಾಗಿ ಹತ್ಕೊಂಡು ಆಮೇಲೆ ಹಾರೋ ಚಾನ್ಸ್ ಇರುತ್ತೆ. ಹಾರಬಾರದ ಗುಂಡು ಹಾರಿದ್ದಕ್ಕೂ ಅದೇ ಹೆಸರಿಟ್ರೆ ತಪ್ಪೆಲ್ಲ ಕಬ್ಬಿಣದ್ದು ಅಂದಂಗಾಯ್ತು, ಹಿಡಿದ ಕೈ ಬಗ್ಗೆ ಯಾರೂ ಕೇಳೋದೇ ಇಲ್ಲ.

ಇದನ್ನ ಬರೀಲೇಬೇಕು ಅನ್ಸಿದ್ದು ನಮ್ಮ ಮನೆಯೊಳಗೇ ನಡೆದ ಒಂದು ವಿಷಯದಿಂದ. ಕಳೆದ ಲೋಕಸಭೆ ಎಲೆಕ್ಷನ್ ಟೈಮು, 2024ರ ಮಾರ್ಚ್, ನೀತಿಸಂಹಿತೆ ಬಂದ ಮೇಲೆ ಲೈಸೆನ್ಸ್ ಇರೋರೆಲ್ಲ ಕೋವಿ ತಗೊಂಡು ಹೋಗಿ ಸ್ಟೇಷನ್‌ಗೆ ಕೊಡಬೇಕಿತ್ತು (ಆನೆ ಹಂದಿ ಕಾಟ ಇರೋ ಊರಲ್ಲಿ ಬೆಳೆ ಕಾಯೋ ಕೋವಿನೂ ಕೊಡಬೇಕಾ ಅನ್ನೋದು ಬೇರೆ ಜಗಳ, ಅದನ್ನ ಇನ್ನೊಂದಿನ ಬರೀತೀನಿ). ಸಕಲೇಶಪುರದ ಹತ್ರ ನಮ್ಮಕ್ಕನ ಮನೆ, ಭಾವಂದು .32 ಪಿಸ್ತೂಲು, ಲೈಸೆನ್ಸ್ ಎಲ್ಲ ಸರಿಯಾಗೇ ಇದೆ. ಅವತ್ತು ಭಾವ ನಡುಮನೇಲಿ ಕೂತು ಅದನ್ನ ಬೀರುವಿಂದ ತೆಗೆದು, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರೋ ಭಾಗ) ಎಳೆದ್ರು. ಒಂದು ತೋಟಾ ಟಣ್ ಅಂತ ಕೆಂಪು ಗಾರೆ ನೆಲದ ಮೇಲೆ ಬಿತ್ತು. ಆಮೇಲೆ ಮ್ಯಾಗಜೀನ್ (ಹಿಡಿಯೊಳಗೆ ಕೂರೋ ತೋಟಾ ಡಬ್ಬಿ) ಎಳೆದು ಟೀಪಾಯ್ ಮೇಲಿಟ್ಟು "ಖಾಲಿ ಆಯ್ತು, ಹಿಡ್ಕೋ" ಅಂತ ನನ್ನ ಕೈಗೆ ಕೊಟ್ರು, ಕೊಡುವಾಗ ನಳಿಗೆ ಅಡುಗೆಮನೆ ಬಾಗಿಲ ಕಡೆಗಿತ್ತು, ಒಳಗೆ ಅಕ್ಕ ರೊಟ್ಟಿ ತಟ್ತಾ ಇದ್ಲು.

ನಾನು ಅದನ್ನ ಹೊರಗಡೆ ಗೋಡೆ ಕಡೆ ತಿರುಗಿಸಿ ಇನ್ನೊಂದ್ಸಲ ಸ್ಲೈಡ್ ಎಳೆದೆ. ಇನ್ನೊಂದು ತೋಟಾ ಬಿತ್ತು, ಉರುಳಿಕೊಂಡು ಹೊಸಿಲ ಹತ್ರ ಹೋಗಿ ನಿಂತ್ಕೊಳ್ತು.

ಭಾವ ಮಾತೇ ಆಡ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ರು, "ನಾನು ಖಾಲಿ ಮಾಡಿದ ಮೇಲೆ ಯಾವಾಗ್ಲೂ ಟ್ರಿಗರ್ ಒತ್ತಿ ನೋಡ್ತೀನಿ ಕಣೋ, ಖಾಲಿ ಇದೆ ಅಂತ ಗ್ಯಾರಂಟಿಗೆ." ಕೇಳಿ ನನಗೆ ಕೈಕಾಲು ತಣ್ಣಗಾಯ್ತು.

ಇಲ್ಲಿ ಆಗಿದ್ದೇನು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಪಿಸ್ತೂಲು ಇಟ್ಕೊಂಡಿರೋರಲ್ಲೇ ಎಷ್ಟೋ ಜನಕ್ಕೆ ಇದು ತಲೇಲಿ ಕೂತಿರಲ್ಲ. ಮ್ಯಾಗಜೀನ್ ಒಳಗಿರುವಾಗ ಸ್ಲೈಡ್ ಹಿಂದಕ್ಕೆಳೆದ್ರೆ ಚೇಂಬರಲ್ಲಿರೋ (ನಳಿಗೆ ಹಿಂದೆ ತೋಟಾ ಕೂರೋ ಜಾಗ ಅದು) ತೋಟಾ ಹೊರಗೆ ಹಾರುತ್ತೆ, ಸರಿ, ಆದ್ರೆ ಸ್ಲೈಡ್ ಮುಂದಕ್ಕೆ ಹೋಗುವಾಗ ಸುಮ್ನೆ ಹೋಗಲ್ಲ, ಮ್ಯಾಗಜೀನ್ ಬಾಯಲ್ಲಿರೋ ಮುಂದಿನ ತೋಟಾನ ಕೆರೆದುಕೊಂಡು ಹೋಗಿ ಚೇಂಬರ್‌ಗೆ ತುರುಕುತ್ತೆ, ಆ ಮಷೀನ್ ಮಾಡಿರೋದೇ ಆ ಕೆಲಸಕ್ಕೆ. ಅಂದ್ರೆ ಖಾಲಿ ಮಾಡ್ತಿದೀನಿ ಅಂದ್ಕೊಂಡು ಎಳೆದ ಕೈಯೇ ಲೋಡ್ ಮಾಡಿರುತ್ತೆ. ಆಮೇಲೆ ಮ್ಯಾಗಜೀನ್ ತೆಗೀತಾರೆ, ಕೈಗೆ ಹಗುರ ಅನ್ಸುತ್ತೆ, ಹಿಡಿಯ ಕೆಳಗಡೆ ತೂತು ಕಾಣುತ್ತೆ, ನೆಲದ ಮೇಲೆ ಒಂದು ತೋಟಾ ಬಿದ್ದಿರೋದೂ ಕಾಣುತ್ತೆ, ಇನ್ನೇನು ಬೇಕು ನಂಬೋಕೆ? ಮೊದಲು ಮ್ಯಾಗಜೀನ್ ತೆಗೆದು ಆಮೇಲೆ ಸ್ಲೈಡ್ ಎಳೆದಿದ್ರೆ ಈ ಕಥೆನೇ ಇರ್ತಿರ್ಲಿಲ್ಲ, ಬರೀ ಎರಡು ಕೆಲಸ ಹಿಂದೆ ಮುಂದೆ ಆಗಿದ್ದಷ್ಟೇ.

ಇನ್ನೊಂದು ದಾರಿನೂ ಇದೆ, ಇದು ಇನ್ನೂ ಮೋಸದ್ದು. ಸ್ಲೈಡ್ ಹಿಂದಕ್ಕೆ ಲಾಕ್ ಆಗಿರುವಾಗ ತುಂಬಿದ ಮ್ಯಾಗಜೀನ್‌ನ ಜೋರಾಗಿ ಒಳಗೆ ಬಡಿದ್ರೆ ಕೆಲವು ಪಿಸ್ತೂಲುಗಳಲ್ಲಿ ಆ ಪೆಟ್ಟಿಗೇ ಲಾಕ್ ಬಿಟ್ಕೊಂಡು ಸ್ಲೈಡ್ ತಾನಾಗೇ ಮುಂದಕ್ಕೆ ಹೋಗಿಬಿಡುತ್ತೆ, ಹೋಗುವಾಗ ತೋಟಾನೂ ತಗೊಂಡೇ ಹೋಗುತ್ತೆ. ಹಾಕಿದೋನು ನಾನು ಮ್ಯಾಗಜೀನ್ ಮಾತ್ರ ಹಾಕಿದೆ, ಲೋಡ್ ಮಾಡಿಲ್ಲ ಅಂತಾನೇ ಅಂದ್ಕೊಂಡಿರ್ತಾನೆ.

ಮ್ಯಾಗಜೀನ್ ತೆಗೆದ್ರೆ ಹಾರಲ್ವಲ್ಲ ಅಂತ ವಾದ ಮಾಡೋರೂ ಸಿಕ್ಕಿದಾರೆ ನಂಗೆ. ಬ್ರೌನಿಂಗ್ ಹೈ ಪವರ್ ಅನ್ನೋ ಪಿಸ್ತೂಲಿನ ಡಿಸೈನಲ್ಲಿ ಅದು ನಿಜ, ಮ್ಯಾಗಜೀನ್ ಇಲ್ಲದಿದ್ರೆ ಟ್ರಿಗರ್ ಕೆಲಸ ಮಾಡಲ್ಲ. ನಮ್ಮ ಇಷಾಪುರ್ ಫ್ಯಾಕ್ಟರಿ 9 ಎಂಎಂ ಪಿಸ್ತೂಲು ಅದೇ ವಂಶದ್ದು. ಆದ್ರೆ ಗ್ಲಾಕ್ ಪಿಸ್ತೂಲು ತಗೊಳ್ಳಿ, ಮ್ಯಾಗಜೀನ್ ಇಲ್ಲದೆನೂ ಚೇಂಬರಲ್ಲಿರೋ ಒಂದು ಹಾರೇ ಹಾರುತ್ತೆ, ಅದರ ಮೇಲೆ ಕ್ಲೀನಿಂಗ್‌ಗೆ ಬಿಚ್ಚಬೇಕಂದ್ರೆ ಟ್ರಿಗರ್ ಒತ್ತಲೇಬೇಕು. ಒಂದು ಪಿಸ್ತೂಲಿನ ಅಭ್ಯಾಸ ಇನ್ನೊಂದಕ್ಕೆ ತಗೊಂಡು ಹೋದ್ರೆ ಯಾರದ್ದೋ ಜೀವ ಹೋಗುತ್ತೆ.

ರಿವಾಲ್ವರ್ ವಿಷಯ ಸ್ವಲ್ಪ ಬೇರೆ, ನ್ಯಾಯವಾಗಿ ಅದನ್ನೂ ಹೇಳಬೇಕು. ಕೈಜಾರಿ ಬಿದ್ದು ಹಾರೋದು ಇದೆ. ಹಳೇ ಕಾಲದ ಕೆಲವು ರಿವಾಲ್ವರುಗಳಲ್ಲಿ ಹ್ಯಾಮರ್, ನಮ್ಮ ಹಳಬರು ಕುದುರೆ ಅಂತಾರಲ್ಲ ಅದು, ನೇರ ತೋಟಾದ ಬೆನ್ನ ಮೇಲೇ ಕೂತಿರುತ್ತೆ. ಅದಕ್ಕೇ ಅಮೆರಿಕದಲ್ಲಿ ಹಳೇ ಕೋಲ್ಟ್ ಸಿಂಗಲ್ ಆಕ್ಷನ್ (ಪ್ರತಿ ಸಲ ಕುದುರೆನ ಕೈಯಲ್ಲೇ ಎಳೆಯೋ ರಿವಾಲ್ವರ್) ಇಟ್ಕೊಂಡಿದ್ದ ತಿಳಿದೋರು ತೋಟಾ ಕೂರೋ ಆರು ಮನೆಯಲ್ಲಿ ಐದು ಮಾತ್ರ ತುಂಬಿ ಕುದುರೆ ಕೆಳಗಿನ ಮನೆ ಖಾಲಿ ಬಿಡ್ತಿದ್ರು. 1973ರಲ್ಲಿ ರೂಗರ್ ಕಂಪನಿ ತನ್ನ ಸಿಂಗಲ್ ಆಕ್ಷನ್‌ಗಳಿಗೆ ಕುದುರೆಗೂ ತೋಟಾಕ್ಕೂ ನಡುವೆ ಒಂದು ಪಟ್ಟಿ ತಂದಿತು, ಟ್ರಿಗರ್ ಪೂರ್ತಿ ಒತ್ತಿದಾಗ ಮಾತ್ರ ಅದು ಮೇಲೆ ಬಂದು ಪೆಟ್ಟು ದಾಟಿಸುತ್ತೆ. ನಿಮ್ಮ ಹತ್ರ ಇರೋದು ಅಜ್ಜನ ಕಾಲದ್ದಾದ್ರೆ ಒಳಗಡೆ ಏನಿದೆ ಅಂತ ಗನ್‌ಸ್ಮಿತ್‌ಗೆ ತೋರಿಸಿ, ತುಂಬಿಕೊಂಡೇ ಬೀರುವಲ್ಲಿ ಇಡಬೇಡಿ.

"ಖಾಲಿ ಇದೆ" ಅನ್ನೋ ಮಾತು ಎಷ್ಟು ಅಪಾಯ ಅಂತ ತಿಳೀಬೇಕಂದ್ರೆ 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದಲ್ಲಿ ರಸ್ಟ್ ಸಿನಿಮಾ ಸೆಟ್ಟಲ್ಲಿ ಆಗಿದ್ದು ನೋಡಿ. ಕೋಲ್ಡ್ ಗನ್ (ನಿಜವಾದ ಗುಂಡಿಲ್ಲ ಅಂತ ಅರ್ಥ) ಅಂತ ಕೂಗಿ ಹೇಳಿ ಕೊಟ್ಟ ರಿವಾಲ್ವರ್ ಅದು. ಅದರಲ್ಲಿದ್ದ ನಿಜವಾದ ಗುಂಡು ಹಾರಿ ಕ್ಯಾಮೆರಾ ಮಾಡ್ತಿದ್ದ ಹಲೀನಾ ಹಚಿನ್ಸ್ ಅನ್ನೋ ಹೆಣ್ಣುಮಗಳು ತೀರಿಕೊಂಡ್ರು. ಸಿನಿಮಾದ ಸುಳ್ಳು ತೋಟಾಗಳಲ್ಲಿ ಮದ್ದಿನ ಬದಲು ಸಣ್ಣ ಗೋಲಿ ಹಾಕಿರ್ತಾರೆ, ಕಿವಿ ಹತ್ರ ಅಲ್ಲಾಡಿಸಿದ್ರೆ ಗಿಲಗಿಲ ಅನ್ನುತ್ತೆ. ಒಂದೊಂದನ್ನೇ ತೆಗೆದು ಅಲ್ಲಾಡಿಸಿ ನೋಡಿದ್ರೆ ಸಾಕಿತ್ತು. ಶಸ್ತ್ರದ ಹೊಣೆ ಹೊತ್ತಿದ್ದವಳಿಗೆ 2024ರಲ್ಲಿ ಶಿಕ್ಷೆ ಆಯ್ತು.

ಫೌಜಲ್ಲಿ ಇದಕ್ಕೇ ಯಾರ ಬಾಯಿಮಾತನ್ನೂ ನಂಬಲ್ಲ. ಫೈರಿಂಗ್ ಮುಗಿದ ಮೇಲೆ "ಖಾಲಿ ಕರ್" ಅಂತ ಹುಕುಂ, ಆಮೇಲೆ "ಜಾಂಚ್ ಶಸ್ತ್ರ", ಉಸ್ತಾದ್ (ಕಲಿಸೋನು) ಬಂದು ಒಬ್ಬೊಬ್ಬರ ಚೇಂಬರ್‌ನ ಕಣ್ಣಾರೆ ನೋಡಿದ ಮೇಲೇ ಕೋತ್‌ಗೆ (ಶಸ್ತ್ರ ಇಡೋ ಕೋಣೆಗೆ) ಹೋಗೋದು. ಕತ್ತಲಾದ್ರೆ ಕಿರುಬೆರಳು ಹಾಕಿ ಮುಟ್ಟಿ ನೋಡ್ತಿದ್ವಿ. ಒಲಿಂಪಿಕ್ಸ್ ಲೆವೆಲ್ ರೈಫಲ್, ಪಿಸ್ತೂಲ್ ಶೂಟರ್‌ಗಳಿಗೂ ಬಿಡಲ್ಲ, ಶೂಟ್ ಮಾಡದಿರುವಾಗ ಚೇಂಬರಲ್ಲಿ ಬಣ್ಣದ ಸೇಫ್ಟಿ ಫ್ಲ್ಯಾಗ್ ಕಾಣಲೇಬೇಕು. ಮನೇಲಿ ಇದನ್ನ ಹೇಳೋಕೆ ಉಸ್ತಾದ್ ಇರಲ್ಲ. 2016ರ ಆರ್ಮ್ಸ್ ರೂಲ್ಸ್‌ನಲ್ಲಿ ಲೈಸೆನ್ಸಿಗೆ ಸೇಫ್ಟಿ ಟ್ರೈನಿಂಗ್ ಅಂತ ಇದೆ, ಆದ್ರೆ ನಾನು ನೋಡಿದ ಲೈಸೆನ್ಸ್‌ದಾರರಲ್ಲಿ ಎಷ್ಟೋ ಜನಕ್ಕೆ ತಮ್ಮ ಪಿಸ್ತೂಲಿನ ಚೇಂಬರ್ ಎಲ್ಲಿದೆ ಅಂತ ಬೆರಳಿಟ್ಟು ತೋರಿಸೋಕೆ ಬರಲ್ಲ. ಪೊಲೀಸ್ ವೆರಿಫಿಕೇಷನ್ನಿಗೆ ತಿಂಗಳುಗಟ್ಟಲೆ ಅಲೆದವರು ಕೋವಿ ಬಿಚ್ಚೋದು ಕಲಿಯೋಕೆ ಅರ್ಧ ದಿನ ಕೊಡಲ್ಲ ಅಂದ್ರೆ ನಂಗೆ ಹೊಟ್ಟೆ ಉರಿಯುತ್ತೆ.

ಭಾವನ ಮನೇಲಿ ಈಗ ಬೀರು ಪಕ್ಕ ಮರಳು ತುಂಬಿದ ದೊಡ್ಡ ಬಕೆಟ್ ಇದೆ. ಏನೇ ಬಿಚ್ಚೋದಿದ್ರೂ ನಳಿಗೆ ಅದರ ಕಡೆ, ಬೆರಳು ಟ್ರಿಗರ್‌ನಿಂದ ಹೊರಗೆ, ಮೊದಲು ಮ್ಯಾಗಜೀನ್, ಆಮೇಲೆ ಸ್ಲೈಡ್ ಎರಡು ಮೂರು ಸಲ, ಆಮೇಲೆ ಸ್ಲೈಡ್ ಹಿಂದೆ ಹಿಡಿದು ಒಳಗೆ ಬೆಳಕು ಬಿಟ್ಟು ನೋಡೋದು, ಬೆರಳಲ್ಲಿ ಮುಟ್ಟೋದು. ಟ್ರಿಗರ್ ಒತ್ತಿ ಪರೀಕ್ಷೆ ಮಾಡೋದು ಬಂದ್. ಅಕ್ಕನಿಗೂ ಹೇಳಿಕೊಟ್ಟಿದೀನಿ, ಅವಳು ಪಿಸ್ತೂಲು ಮುಟ್ಟಲ್ಲ, ಆದ್ರೆ ಪಕ್ಕದಲ್ಲಿ ನಿಂತು "ಮ್ಯಾಗಜೀನ್ ತೆಗೆದ್ರಾ?" ಅಂತ ಕೇಳ್ತಾಳೆ.

ಸಕಲೇಶಪುರ, ಆಲೂರು ಕಡೆ ಲೈಸೆನ್ಸ್ ಇರೋ ಯಾರಿಗಾದ್ರೂ ಇದನ್ನ ಕೈಯಾರೆ ಮಾಡಿ ಕಲೀಬೇಕು ಅನ್ಸಿದ್ರೆ ಇನ್‌ಬಾಕ್ಸಿಗೆ ಬನ್ನಿ, ಭಾನುವಾರ ಮನೇಲೇ ಇರ್ತೀನಿ, ದುಡ್ಡು ಗಿಡ್ಡು ಏನೂ ಬೇಡ. ಲೈಸೆನ್ಸ್ ಬುಕ್ ಜೊತೆಗಿರಲಿ. ತೋಟಾ ಮಾತ್ರ ಒಂದೂ ತರಬೇಡಿ, ಮನೇಲಿ ಬೀಗ ಹಾಕಿಟ್ಟು ಬನ್ನಿ.